ಅಡಿಕೆ ಸಿಪ್ಪೆ ಕೊಳೆಸಲು ಟ್ರೈಕೊಡರ್ಮಾವೋ, ಚಿಪ್ಪು ಅಣಬೆಯೋ?

ಹುಲ್ಲು, ಸೊಪ್ಪು ಕೊಳೆಸಲು ಟ್ರೈಕೊಡರ್ಮಾ ಎಂಬ ಶಿಲೀಂಧ್ರದ ಪುಡಿ ಸಾಕು. ಅಡಿಕೆ ಸಿಪ್ಪೆಗಾದರೆ ನನ್ನ ವೋಟು ಚಿಪ್ಪು ಅಣಬೆಗೆ. ಒಂದೇ ರಾಶಿಯ ಸಿಪ್ಪೆ ತೆಗೆದುಕೊಂಡು ಎರಡನ್ನೂ ಹಾಕಿ ನೋಡಿದ್ದೇನೆ. ಟ್ರೈಕೊಡರ್ಮಾವನ್ನು ತೋಟದಂಚಿನ ಗುಂಡಿಯಲ್ಲಿ, ಅಣಬೆಯನ್ನು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿಟ್ಟ ಚೀಲದಲ್ಲಿ.

ಟ್ರೈಕೊಡರ್ಮಾ ಕೆಲಸ ಸುಲಭ. ಪುಡಿಯನ್ನು ಸಗಣಿ ನೀರಿನಲ್ಲಿ ಕದಡಿ ಪದರ ಪದರವಾಗಿ ಚಿಮುಕಿಸಿದರಾಯಿತು. ಶಿಲೀಂಧ್ರಕ್ಕೆ ಹೊಟ್ಟೆ ಇಲ್ಲ ನೋಡಿ. ಕಿಣ್ವವನ್ನು ಹೊರಗೇ ಸುರಿಸಿ, ಅಲ್ಲೇ ಕರಗಿದ ಸಕ್ಕರೆಯನ್ನು ಹೀರುತ್ತದೆ. ಗಿಡದ ನಾರಿನ ಮುಖ್ಯ ಅಂಶವಾದ ಸೆಲ್ಯುಲೋಸನ್ನು ಒಡೆಯುವ ಇದರ ಸೆಲ್ಯುಲೇಸ್ ಅಂದರೆ ಕಿಣ್ವಗಳ ಒಂದು ತಂಡ. ಒಂದು ಕಿಣ್ವ ಸೆಲ್ಯುಲೋಸ್ ಎಳೆಯನ್ನು ನಡುವೆ ತುಂಡರಿಸುತ್ತದೆ. ಇನ್ನೊಂದು ತುದಿಯಿಂದ ಎರಡೆರಡೇ ಗ್ಲೂಕೋಸ್ ಬಿಡಿಸುತ್ತದೆ. ಮೂರನೆಯದು ಆ ಜೋಡಿಯನ್ನೂ ಒಡೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿಬಟ್ಟೆಯ ಡೇರೆಗಳನ್ನು ತಿಂದದ್ದು ಇದರ ದಾಯಾದಿ, ಟ್ರೈಕೊಡರ್ಮಾ ರೀಸೈ. ಇವತ್ತು ಕಾರ್ಖಾನೆಗಳಿಗೆ ಸೆಲ್ಯುಲೇಸ್ ಮಾಡಿಕೊಡುತ್ತಿರುವುದೂ ಅದೇ!

ಪುಡಿ ಕದಡುವಾಗ ಕೆಲವರು ಬೆಲ್ಲ ಜಾಸ್ತಿ ಸುರಿಯುತ್ತಾರೆ. ಬೇಡ. ಸುಲಭದ ಸಕ್ಕರೆ ಸಿಗುವ ತನಕ ಶಿಲೀಂಧ್ರ ಸೆಲ್ಯುಲೇಸ್ ತಯಾರಿಯನ್ನೇ ತಗ್ಗಿಸಿಬಿಡುತ್ತದೆ.

ಗುಂಡಿಯಲ್ಲಿ ಸಿಪ್ಪೆಯ ಜೊತೆಗಿದ್ದ ಹುಲ್ಲು ಬೇಗ ಕಪ್ಪಾಗಿ ಬೆರಳಲ್ಲೇ ಪುಡಿಯಾಯಿತು. ಸಿಪ್ಪೆ ಮಾತ್ರ ಮೆತ್ತಗಾದರೂ ನಾರು ನಾರಾಗಿಯೇ ಉಳಿಯಿತು. ಎಳೆದರೆ ಹರಿಯಲಿಲ್ಲ. ಕಾರಣ ಲಿಗ್ನಿನ್, ಅಂದರೆ ಗಿಡದ ನಾರನ್ನು ಗಟ್ಟಿಯಾಗಿಸುವ ವಸ್ತು. ಸೆಲ್ಯುಲೋಸನ್ನು ಅದು ಸುತ್ತುವರಿದಿರುತ್ತದೆ, ಟ್ರೈಕೊಡರ್ಮಾಗೆ ಅದನ್ನು ಒಡೆಯುವ ತಾಕತ್ತು ಕಡಿಮೆ.

ಚಿಪ್ಪು ಅಣಬೆಯ ಬಲ ಇರುವುದೇ ಇಲ್ಲಿ. ಅದರ ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಕಿಣ್ವಗಳು ಲಿಗ್ನಿನ್ನನ್ನೇ ಸಡಿಲಿಸುತ್ತವೆ. ತೆಂಗಿನ ನಾರಿನ ಪುಡಿಯನ್ನು ಗೊಬ್ಬರ ಮಾಡಲು ಕಾಯರ್ ಬೋರ್ಡ್ ಆರಿಸಿಕೊಂಡದ್ದೂ ಇದೇ ಜಾತಿಯ ಅಣಬೆಯನ್ನು. ಚೀಲದೊಳಗೆ ಬಿಳಿ ಬಲೆ ಹಬ್ಬಿದ ಹಾಗೆ ಕಂದು ಸಿಪ್ಪೆ ಮಾಸಲು ಬಿಳಿಗೆ ತಿರುಗಿತು. ಒಂದು ಸಿಪ್ಪೆ ತೆಗೆದು ತಿರುಚಿದರೆ ನಾರು ತುಂಡಾಗಿ ಕೈಗೆ ಬಂತು. ನನಗೆ ಬೇಕಿದ್ದದ್ದು ಇಷ್ಟೇ. ಅಣಬೆ ಸಿಕ್ಕಿದ್ದು ಮೇಲಿನ ಲಾಭ, ಆದರೆ ಭತ್ತದ ಹುಲ್ಲಿನಲ್ಲಿ ಬಂದಷ್ಟು ಬರಲಿಲ್ಲ.

ಖರ್ಚು, ಕೆಲಸ ಎರಡೂ ಅಣಬೆಗೇ ಜಾಸ್ತಿ. ಸಿಪ್ಪೆ ನೆನೆಸಬೇಕು, ಬಿಸಿನೀರಲ್ಲಿ ಹದ ಮಾಡಬೇಕು, ತಾಜಾ ಅಣಬೆ ಬೀಜ ತರಬೇಕು. ಲ್ಯಾಕೇಸ್‌ಗೆ ಆಮ್ಲಜನಕ ಬೇಕು, ಹಾಗಾಗಿ ಚೀಲಕ್ಕೆ ತೂತು ಹಾಕದೆ ಆಗುವುದಿಲ್ಲ.

ಎರಡನ್ನೂ ಸೇರಿಸಿ ಹಾಕಿದರೆ ಇನ್ನೂ ಬೇಗ ಆಗುತ್ತದಲ್ವಾ ಅಂತ ಕೇಳುತ್ತಾರೆ. ದಯವಿಟ್ಟು ಹಾಕಬೇಡಿ. ಅಣಬೆ ಚೀಲದಲ್ಲಿ ಕಾಣುವ ಹಸಿರು ಬೂಷ್ಟು ಹೆಚ್ಚಾಗಿ ಟ್ರೈಕೊಡರ್ಮಾವೇ. ಅದು ಅಣಬೆಯ ಬಲೆಯನ್ನೇ ತಿನ್ನುತ್ತದೆ. ಮೊದಲು ಅಣಬೆ ಬೆಳೆದು ಮುಗಿಯಲಿ. ಆಮೇಲೆ ಆ ಸಿಪ್ಪೆಯನ್ನು ಗುಂಡಿಗೆ ಹಾಕಿ, ಸಗಣಿಯ ಜೊತೆ ಟ್ರೈಕೊಡರ್ಮಾ ಕೊಡಿ. ನಾನೀಗ ಮಾಡುತ್ತಿರುವುದು ಹೀಗೆಯೇ.