ಶಿರಸಿ ಮಳೆಗಾಲಕ್ಕೆ ತರಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸ್ಟಾರ್ಟರ್ ಸೆಟ್, ಮತ್ತು ನಮ್ಮನೇಲಿ ಆದ ಒಂದು ಸಾವು

ಶಿರಸಿ ಮಳೆ ಗೊತ್ತಲ್ಲ, ಜುಲೈಲಿ ಕರೆಂಟ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಮನೇಲಿ ಸೇರೋ ಐದು ಜನಕ್ಕೆ ಫೋನ್ ಬಿಟ್ಟು ಎಂತಾದ್ರೂ ಬೇಕು ಅಂತ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಸ್ಟಾರ್ಟರ್ ಸೆಟ್ ತರಿಸ್ದೆ. ಒಬ್ಬ ಕಥೆ ಹೇಳ್ತಾ ಹೋಗ್ತಾನೆ, ಉಳಿದವರು ಒಂದೊಂದು ಪಾತ್ರ ಆಗಿ ಏನ್ ಮಾಡ್ತೀವಿ ಅಂತ ಹೇಳಿ ದಾಳ ಹಾಕೋ ಆಟ ಇದು. ಬಾಕ್ಸಲ್ಲಿ 32 ಪುಟದ ರೂಲ್ ಬುಕ್, 64 ಪುಟದ ಸಾಹಸ ಕಥೆ, ರೆಡಿ ಮಾಡಿಟ್ಟ 5 ಪಾತ್ರ, 6 ದಾಳ. ಎಲ್ಲಾ ಇಂಗ್ಲಿಷೇ, ಆದ್ರೆ ಕಥೆ ನಡೆಸೋ ಡಿಎಂ (ಡಂಜನ್ ಮಾಸ್ಟರ್) ಒಬ್ಬ ಓದ್ಕೊಂಡ್ರೆ ಸಾಕು, ಆಟ ಪೂರ್ತಿ ಕನ್ನಡದಲ್ಲೇ ಆಡ್ಬೋದು. ಡಿಎಂ ನಾನೇ.

ನಾ ಇಲ್ಲಿ ಬರೀಬೇಕು ಅಂತಿರೋದು ಪಾತ್ರ ಸಾಯೋದ್ರ ಬಗ್ಗೆ ಮಾತ್ರ, ಯಾಕಂದ್ರೆ ಹೊಸಬರು ಹೆದರೋದು ಅದಕ್ಕೇ. ಚೌಕಾಬಾರದಲ್ಲಿ ಕಾಯಿ ಹೊಡೆಸ್ಕೊಂಡ್ರೆ ಮತ್ತೆ ಮನೆಯಿಂದ ಶುರು, ಇಲ್ಲಿ ಹಾಗಲ್ಲ. ಮೊದಲ ಜಗಳದಲ್ಲೇ ಪೊದೆ ಹಿಂದೆ 4 ಗಾಬ್ಲಿನ್ (ಕುಳ್ಳ ರಾಕ್ಷಸರು) ಅಡಗಿರ್ತಾವೆ, ಒಂದನೇ ಲೆವೆಲ್ ಪಾತ್ರಗಳಿಗೆ ಜೀವ ಬಹಳ ಕಮ್ಮಿ. ಎರಡನೇ ರೌಂಡಲ್ಲೇ ಚಿಕ್ಕಪ್ಪನ ಮಗಳ ಪಾತ್ರ, ವಿಝಾರ್ಡ್ ಅಂದ್ರೆ ಮಂತ್ರವಾದಿ, ಬಾಣ ತಿಂದು ಬಿದ್ಲು. ತಂಗಿ ಪೆನ್ಸಿಲ್ ಕೆಳಗಿಟ್ಟು "ಅಣ್ಣಾ, ನಂದು ಮುಗೀತಾ? ಹೋಗಿ ಮಲಗ್ಲಾ?" ಅಂತ ಕೇಳಿದ್ಲು.

ಮುಗೀಲಿಲ್ಲ. ಹಿಟ್ ಪಾಯಿಂಟ್, ಅಂದ್ರೆ ಪಾತ್ರದ ಜೀವದ ಲೆಕ್ಕ, 0 ಆದ್ರೆ ಪ್ರಜ್ಞೆ ಹೋಗತ್ತೆ ಅಷ್ಟೇ, ಆಮೇಲೆ ಪ್ರತಿ ಸರದಿಗೂ 20 ಮುಖದ ದಾಳ ಹಾಕ್ಬೇಕು, 10 ಅಥವಾ ಮೇಲೆ ಬಿದ್ರೆ ಒಂದು ಗೆಲುವು, ಕೆಳಗೆ ಬಿದ್ರೆ ಒಂದು ಸೋಲು, ಮೂರು ಗೆಲುವಿಗೆ ಜೀವ ಉಳಿಯತ್ತೆ, ಮೂರು ಸೋಲಿಗೆ ಸಾವು. 1 ಬಿದ್ರೆ ಎರಡು ಸೋಲು, 20 ಬಿದ್ರೆ ಒಂದು ಹಿಟ್ ಪಾಯಿಂಟ್ ಹಿಡ್ಕೊಂಡು ಎದ್ದೇ ಬಿಡ್ತಾರೆ. ಯಾರೂ ಕೈಹಾಕ್ದೆ ಬಿಟ್ರೂ ನೂರಕ್ಕೆ ಸುಮಾರು 60 ಸಲ ಬದುಕ್ತಾರೆ. ಈ ಮೂರು ನಾಲ್ಕು ಸರದಿಯ ಉಸಿರು ಬಿಗಿಹಿಡಿಯೋ ಕಾತರವೇ ಈ ಆಟದ ಪ್ರಾಣ ನನ್ ಪ್ರಕಾರ, ಅಲ್ಲಿವರೆಗೆ ಚಹಾ ಕುಡೀತಾ ಕೂತವರೆಲ್ಲ ಮುಂದೆ ಬಾಗಿ ಅವಳನ್ನ ಎಬ್ಬಿಸೋದು ಹೇಗೆ ಅಂತ ಮಾತಾಡೋಕೆ ಶುರು ಮಾಡಿದ್ರು, ಕೊನೆಗೆ ಕ್ಲೆರಿಕ್ (ಗಾಯ ವಾಸಿ ಮಾಡೋ ಪೂಜಾರಿ ಪಾತ್ರ) ಆಡ್ತಿದ್ದ ಭಾವ ಮಂತ್ರ ಹಾಕಿ ಎಬ್ಬಿಸ್ದ.

ಇನ್ನೊಂದು ಮೆಚ್ಚಿದ್ದು, ಎಲ್ಲರೂ ಸೋತು ಬಿದ್ರೆ ಏನು ಅಂತ ಆ ಜಗಳದಲ್ಲೇ ಬರ್ದಿದಾರೆ: ಗಾಬ್ಲಿನ್‌ಗಳು ಸಾಮಾನು ದೋಚ್ಕೊಂಡು ಹೋಗ್ತಾವೆ, ಪಾತ್ರಗಳು ಎಚ್ಚರ ಆಗಿ ಊರಿಗೆ ಹೋಗಿ ಮತ್ತೆ ಬರ್ಬೋದು. ಸೋತ್ರೂ ಕಥೆ ನಿಲ್ಲಲ್ಲ. ಇದನ್ನ ನೋಡೇ ನಾನು ಬೀಗ ತೆಗೆಯೋಕೆ ದಾಳ ತಪ್ಪಿದ್ರೂ ಬಾಗಿಲು ತೆಗೆಯತ್ತೆ ಆದ್ರೆ ಸದ್ದಿಗೆ ಒಳಗಿನವರು ಎಚ್ಚರ ಆಗ್ತಾರೆ ಅಂತ ಮಾಡ್ದೆ.

ಕೊರತೆ ಎಲ್ಲಿ ಅಂದ್ರೆ ನಿಜವಾಗ್ಲೂ ಸತ್ತ ಮೇಲೆ. ಸತ್ತವರನ್ನ ಎಬ್ಬಿಸೋ ರಿವಿವಿಫೈ ಮಂತ್ರಕ್ಕೆ ಕ್ಲೆರಿಕ್ 5ನೇ ಲೆವೆಲ್ ಆಗ್ಬೇಕು, 300 ಚಿನ್ನದ ನಾಣ್ಯದ ವಜ್ರ ಬೇಕು, ಅದೂ ಸತ್ತ ಒಂದು ನಿಮಿಷದ ಒಳಗೆ, ಒಂದನೇ ಲೆವೆಲಲ್ಲಿ ಅದೆಲ್ಲಿಂದ ಬರ್ಬೇಕು? ಎರಡನೇ ದಿನ ಗುಹೆಲಿ ಗೆಳೆಯನ ಪಾತ್ರ, ಹಾಫ್ಲಿಂಗ್ ಅನ್ನೋ ಕುಳ್ಳರ ಜಾತಿಯ ಕಳ್ಳ, ಮೂರೂ ಸೋಲು ತಗೊಂಡ. ದಾಳ ಮೇಜಿನ ಮೇಲೆ ಎಲ್ಲರ ಮುಂದೆ ಬಿದ್ದಿತ್ತು, ಮುಚ್ಚಿಟ್ಟು ಸುಳ್ಳು ಹೇಳೋ ಆಸೆ ಆಗಿದ್ದು ಹೌದು, ಹೇಳಿದ್ರೆ ಹಿಂದಿನ ದಿನದ ಕಾತರಕ್ಕೆ ಬೆಲೆ ಎಲ್ಲಿ ಇರ್ತಿತ್ತು. ಅವನು ತಾಳಮದ್ದಳೆಲಿ ಅರ್ಥ ಹೇಳೋನು, ಕರ್ಣನ ಕೊನೆ ಮಾತು ಗೊತ್ತಿರೋನು, ಹಾಗಾಗಿ ನಾನು ಆಟ ನಿಲ್ಸಿ ಕಳ್ಳನಿಗೆ ಕೊನೆ ಮಾತು ಕೊಟ್ಟೆ. ಹತ್ತು ನಿಮಿಷ ಮಾತಾಡ್ದ, ತನ್ನ ಚಾಕು ವಿಝಾರ್ಡ್ ಕೈಗೆ ಕೊಟ್ಟ, ತಂಗಿ ಕಣ್ಣು ಒರೆಸ್ಕೊಂಡ್ಲು. ನಾವು ಆಡೋರು ನಾಲ್ಕೇ ಜನ, ಐದನೇ ಪಾತ್ರದ ಹಾಳೆ ಉಳ್ದಿತ್ತು, ಅದೇ ಗುಹೆಲಿ ಕಟ್ಟಿಹಾಕಿದ ಕೈದಿ ಅಂತ ಅವನ ಹೊಸ ಪಾತ್ರ ಅರ್ಧ ಗಂಟೆ ಒಳಗೆ ಬಂತು. ಪಾತ್ರ ಸತ್ರೆ ಏನ್ ಮಾಡ್ಬೇಕು ಅಂತ ಎರಡು ಪುಟ ಡಿಎಂಗೆ ಬಾಕ್ಸಲ್ಲೇ ಇರ್ಬೇಕಿತ್ತು.

5ಕ್ಕೆ 4 ಕೊಡ್ತೆ. ಸಣ್ಣ ಮಕ್ಕಳ ಜೊತೆ ಆಡೋರು ಪಾತ್ರ ಸತ್ರೆ ಪರವಾಗಿಲ್ವಾ ಅಂತ ಶುರುವಲ್ಲೇ ಕೇಳಿ, ಬೇಡ ಅಂದ್ರೆ ಗಾಯ ಅಥವಾ ಸೆರೆ ಅಂತ ಮಾಡ್ಕೊಳ್ಳಿ. ಮತ್ತೆ 20 ಮುಖದ ದಾಳ ಒಂದೇ ಬರತ್ತೆ, ಎಲ್ಲರ ಕೈ ದಾಟ್ಕೊಂಡು ಬರೋ ಹೊತ್ತಿಗೆ ಮಂಚದಡಿ ಹೋಗಿರತ್ತೆ, ಇನ್ನೊಂದೆರಡು ಜೊತೆಗೇ ತರಿಸ್ಕೊಳ್ಳಿ.