ಬಟನ್ ಎಣಿಸಬೇಡಿ, ಒಳಪಾತ್ರೆ ನೋಡಿ

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನ ಡಬ್ಬಿಯ ಮೇಲೆ ಪ್ರೋಗ್ರಾಂಗಳ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅನ್ನಕ್ಕೊಂದು, ಕಾಳಿಗೊಂದು, ಸೂಪಿಗೊಂದು ಬಟನ್ ಇದ್ದರೂ ಬಹುಪಾಲು ಬಟನ್‌ಗಳು ಮೊದಲೇ ತುಂಬಿಟ್ಟ ಒತ್ತಡ ಮತ್ತು ಸಮಯ, ಅಷ್ಟೇ. ನಿಮಿಷಗಳನ್ನು ನಾವೇ ಹಾಕುವ ಮ್ಯಾನುವಲ್ ಮೋಡ್ ಮತ್ತು ಹುರಿಯಲು ಸಾಟೆ ಮೋಡ್ ಸರಿಯಾಗಿದ್ದರೆ ಮುಕ್ಕಾಲು ಅಡುಗೆ ನಡೆಯುತ್ತದೆ.

ಹಣ ಹಾಕಬೇಕಾದದ್ದು ಒಳಪಾತ್ರೆಗೆ. ತಳದಲ್ಲಿ ಸ್ಟೀಲಿನ ನಡುವೆ ಅಲ್ಯೂಮಿನಿಯಂ ಪದರ ಇರುವ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಬೇಕು. ಅದಕ್ಕೆ ಅನ್ನ ಸ್ವಲ್ಪ ಅಂಟುತ್ತದೆ, ಆದರೆ ಗಟ್ಟಿಯಾಗಿ ಉಜ್ಜಿದರೂ ಬಾಳುತ್ತದೆ. ನಾನ್‌ಸ್ಟಿಕ್ ಪದರ ಸ್ಟೀಲ್ ಸೌಟಿಗೆ ಗೀರಿ ಏಳುತ್ತದೆ. ಬಿಡಿ ಪಾತ್ರೆ, ಬಿಡಿ ಗ್ಯಾಸ್ಕೆಟ್ ಸಿಗದ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ.

6 ಲೀಟರ್ ಎಂದರೆ 6 ಲೀಟರ್ ಅಡುಗೆ ಅಲ್ಲ. ಮೂರನೇ ಎರಡು ಭಾಗಕ್ಕಿಂತ, ನೊರೆ ಬರುವ ಕಾಳು–ಧಾನ್ಯಗಳಾದರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಅಂದರೆ 4 ಲೀಟರ್, ಕಾಳಿಗೆ 3 ಲೀಟರ್. ನಾಲ್ಕು ಜನರಿಗೆ ಈ ಅಳತೆ ಸಾಕು. ದೊಡ್ಡದಿರಲಿ ಎಂದು 8 ಲೀಟರಿನದು ಕೊಂಡರೆ ತಳದಲ್ಲಿ ಕನಿಷ್ಠ ದ್ರವವೂ ಹೆಚ್ಚು ಬೇಕು.

ವೇಗದ ಜಾಹೀರಾತನ್ನು ಪೂರ್ತಿ ನಂಬಬೇಡಿ. ಒಲೆಯ ಕುಕ್ಕರ್ ಸಾಮಾನ್ಯವಾಗಿ 15 ಪಿಎಸ್‌ಐ ಒತ್ತಡದಲ್ಲಿ, ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತದೆ. ಎಲೆಕ್ಟ್ರಿಕ್ ಕುಕ್ಕರುಗಳಲ್ಲಿ ಹೆಚ್ಚಿನವು 10–12 ಪಿಎಸ್‌ಐನಲ್ಲೇ ನಿಲ್ಲುತ್ತವೆ. ಒತ್ತಡ ಏರಲು 10–20 ನಿಮಿಷ ಹಿಡಿಯುತ್ತದೆ, ಇಳಿಯಲು ಮತ್ತಷ್ಟು. ಪರದೆಯ ಮೇಲಿನ ನಿಮಿಷಗಳಲ್ಲಿ ಇವೆರಡೂ ಸೇರಿರುವುದಿಲ್ಲ. ಕಾವಲು ನಿಲ್ಲಬೇಕಿಲ್ಲ ಎಂಬುದೇ ಇದರ ನಿಜವಾದ ಲಾಭ.

‘ಬರ್ನ್’ ಎಂದು ತೋರಿಸಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ತಳ ಹಿಡಿದಿರುತ್ತದೆ, ಇಲ್ಲವೇ ನೀರು ಕಡಿಮೆಯಾಗಿರುತ್ತದೆ. ಹುರಿದ ಮೇಲೆ ನೀರು ಹಾಕಿ ತಳವನ್ನು ಮರದ ಸೌಟಿನಿಂದ ಕೆರೆಯಿರಿ. ಟೊಮೆಟೊ ಪೇಸ್ಟಿನಂಥ ಗಟ್ಟಿ ಪದಾರ್ಥವನ್ನು ಮೇಲೆ ಹಾಕಿ ಕಲಕದೆ ಬಿಡಿ. ಒತ್ತಡವೇ ಏರದೆ ಮುಚ್ಚಳದ ಅಂಚಿನಿಂದ ಆವಿ ಸೋರಿದರೆ ಗ್ಯಾಸ್ಕೆಟ್ ಪೂರ್ತಿ ಕೂತಿಲ್ಲ, ಅಥವಾ ಅದಕ್ಕೆ ಅಗುಳು ಅಂಟಿದೆ. ಫ್ಲೋಟ್ ವಾಲ್ವಿನ (ಒತ್ತಡ ಏರಿದಾಗ ಮುಚ್ಚಳದಲ್ಲಿ ಮೇಲೇಳುವ ಪುಟ್ಟ ಕಡ್ಡಿ) ಪುಟ್ಟ ಸಿಲಿಕೋನ್ ಉಂಗುರ ತೊಳೆಯುವಾಗ ಸಿಂಕಿಗೆ ಬಿದ್ದು ಹೋಗುವುದೂ ಉಂಟು, ಅದನ್ನೂ ನೋಡಿ. ಗ್ಯಾಸ್ಕೆಟ್ ವಾಸನೆ ಹೀರುವುದರಿಂದ ಖಾರಕ್ಕೊಂದು, ಸಿಹಿಗೊಂದು ಇಟ್ಟುಕೊಳ್ಳಿ. ಸಡಿಲವಾದರೆ, ಬಿರುಕು ಬಿಟ್ಟರೆ ಬದಲಿಸಿ.

ಕಾಳು ಬೆಂದ ಕೂಡಲೇ ಆವಿ ಬಿಟ್ಟರೆ ನೊರೆ ವಾಲ್ವಿನಿಂದ ಚಿಮ್ಮುತ್ತದೆ. 10–15 ನಿಮಿಷ ತಾನಾಗಿ ಇಳಿಯಲಿ, ಉಳಿದದ್ದನ್ನು ಆಮೇಲೆ ಬಿಡಿ.

ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ ಮೋಡ್ ಮಾತ್ರ ಇಂಥ ಹೆಚ್ಚಿನ ಕುಕ್ಕರುಗಳಲ್ಲಿ ನೆಪಕ್ಕಿದೆ: ಶಾಖ ತಳದಿಂದಷ್ಟೇ ಬರುತ್ತದೆ. ಕೆಂಪು ರಾಜ್ಮಾವನ್ನು ಅದರಲ್ಲಿ ಹಸಿಯಾಗಿ ಹಾಕಲೇಬೇಡಿ. ಕುದಿ ಬಾರದ ಬಿಸಿಗೆ ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ನಾಶವಾಗದೆ ವಾಂತಿ–ಭೇದಿ ತರುತ್ತದೆ. ನೆನೆಸಿ, ಆ ನೀರು ಚೆಲ್ಲಿ, ಪ್ರೆಶರ್ ಮೋಡಿನಲ್ಲೇ ಬೇಯಿಸಿ.