ಮಣ್ಣಿಗೆ ಜಾಮೀನು: ವರ್ಜೀನಿಯಾದಲ್ಲಿ ನಾವು ಕೊಂಡ ಶ್ಯೂರಿಟಿ ಬಾಂಡ್

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮನೆ ಕಟ್ಟಲು ಹೊರಟಾಗ ಬಾವಿಗೆ, ಸೆಪ್ಟಿಕ್ ಟ್ಯಾಂಕಿಗೆ, ಅಡಿಪಾಯಕ್ಕೆ ಅಂತ ದುಡ್ಡು ಎತ್ತಿಟ್ಟಿದ್ದೆವು. ಮಣ್ಣಿಗೆ ಅಂತ ಎತ್ತಿಟ್ಟಿರಲಿಲ್ಲ. ಪರ್ಮಿಟ್ ಕೌಂಟರಿನಲ್ಲಿ 18,000 ಡಾಲರ್ ಸೆಕ್ಯುರಿಟಿ ಕೊಟ್ಟ ಮೇಲೇ ನೆಲ ಅಗೆಯಬೇಕು ಅಂದಾಗ ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು.

ಅಗೆದ ಮಣ್ಣು ಕೊಚ್ಚಿ ಹೋಗದಂತೆ ತಡೆಯಲು ವರ್ಜೀನಿಯಾದಲ್ಲಿ 1973ರಿಂದಲೇ ಕಾನೂನಿದೆ. ಸಾಮಾನ್ಯವಾಗಿ 10,000 ಚದರ ಅಡಿ ನೆಲ ಕೆದಕಿದರೆ ಮಣ್ಣು ತಡೆಯುವ ಪ್ಲಾನ್ ಬೇಕು. ಚೆಸಪೀಕ್ ಕೊಲ್ಲಿಯ ರಕ್ಷಿತ ಪ್ರದೇಶಗಳಲ್ಲಿ 2,500 ಚದರ ಅಡಿಯೇ ಮಿತಿ. ಪ್ಲಾನಿನ ಜೊತೆ ಬಾಂಡ್, ನಗದು ಠೇವಣಿ ಅಥವಾ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ದುಡ್ಡಿಗೆ ಬ್ಯಾಂಕೇ ಕೊಡುವ ಖಾತರಿ ಪತ್ರ) ಕೇಳುವ ಅಧಿಕಾರ ಕೌಂಟಿಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಇದೆ. ನಾವು ಕೆಲಸ ಅರ್ಧಕ್ಕೆ ಬಿಟ್ಟರೆ ಆ ದುಡ್ಡಲ್ಲಿ ಅವರೇ ಮಣ್ಣು ಭದ್ರ ಮಾಡಿಸುತ್ತಾರೆ.

ನಗದು ಕಟ್ಟಿದ್ದರೆ ಬಾವಿ ಕೊರೆಸುವ ದುಡ್ಡೇ ಅಲ್ಲಿ ಕೂತುಬಿಡುತ್ತಿತ್ತು. ಹಾಗಾಗಿ ಒಬ್ಬ ಏಜೆಂಟ್ ಮೂಲಕ ಶ್ಯೂರಿಟಿ ಕಂಪನಿಯ ಬಾಂಡ್ ತಗೊಂಡೆವು. ಅದರ ಶುಲ್ಕ ವರ್ಷಕ್ಕೆ 18,000ದ ಎರಡೂವರೆ ಪರ್ಸೆಂಟ್, ಅಂದರೆ 450 ಡಾಲರ್. ಕ್ರೆಡಿಟ್ ಸ್ಕೋರ್ ಚೆನ್ನಾಗಿತ್ತು, ಎರಡೇ ದಿನದಲ್ಲಿ ಕಾಗದ ಕೈಗೆ ಬಂತು. ಇಲ್ಲಿಯವರೆಗೆ ಏಜೆಂಟ್ ಕೆಲಸಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಆದರೆ ಆತ ಫೋನಿನಲ್ಲಿ ಉದ್ದಕ್ಕೂ "ಇನ್ಶೂರೆನ್ಸ್" ಅಂತಲೇ ಹೇಳಿದ. ಇದು ಇನ್ಶೂರೆನ್ಸ್ ಅಲ್ಲ. ನಮ್ಮೂರಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಹಾಕ್ತಾರಲ್ಲ, ಅದೇ ಇದು. ಸಾಲಗಾರ ಕಟ್ಟದಿದ್ದರೆ ಜಾಮೀನುದಾರ ಕಟ್ಟುತ್ತಾನೆ, ಆಮೇಲೆ ಸಾಲಗಾರನ ಮನೆ ಬಾಗಿಲಿಗೆ ಬರುತ್ತಾನೆ. ಇಲ್ಲಿ ಜಾಮೀನುದಾರ ಶ್ಯೂರಿಟಿ ಕಂಪನಿ, ಕೇಳುವವರು ಕೌಂಟಿ, ಸಾಲಗಾರರ ಜಾಗದಲ್ಲಿ ನಾವು. ಕಂಪನಿ ಒಂದು ಡಾಲರ್ ಕೊಟ್ಟರೂ ನಮ್ಮಿಂದ ವಸೂಲಿ ಮಾಡುತ್ತದೆ. ಅದಕ್ಕೇ ಗಂಡ ಹೆಂಡತಿ ಇಬ್ಬರ ಸಹಿಯನ್ನೂ ಕೇಳಿದರು. ಸಹಿ ಹಾಕುವ ಹಿಂದಿನ ರಾತ್ರಿ ಕೂತು ಪ್ರತಿ ಸಾಲು ಓದಿದ್ದರಿಂದ ಇದು ಗೊತ್ತಾಯಿತು. ಆತ ಮೊದಲೇ ಹೇಳಬೇಕಿತ್ತು.

ಜುಲೈನಲ್ಲಿ ಇದರ ಬಿಸಿ ತಟ್ಟಿತು. ಒಂದು ಸಂಜೆ ಗುಡುಗು ಮಳೆ ಬಂದು ಮೋರಿಯ ಪಕ್ಕದ ಸಿಲ್ಟ್ ಫೆನ್ಸ್ ಮಲಗಿಬಿಟ್ಟಿತು. ಮರದ ಗೂಟಕ್ಕೆ ಕಟ್ಟುವ ಕಪ್ಪು ಬಟ್ಟೆಯ ಬೇಲಿ ಅದು. ಕೆಂಪು ಮಣ್ಣು ರಸ್ತೆಗೆ ಹರಿದಿತ್ತು. ಆಗ ಮಧುಗಿರಿಯಿಂದ ಅಪ್ಪ ಬಂದಿದ್ದರು. ಬೇಲಿಯ ಬುಡಕ್ಕೆ ಕೈ ಹಾಕಿ ನೋಡಿ, "ಏನಮ್ಮ, ಬಟ್ಟೇನ ಮಣ್ಣೊಳಗೆ ಹೂತೇ ಇಲ್ವಲ್ಲ. ಬದು ಹಾಕೋವಾಗ ಬುಡ ತುಳಿದು ಗಟ್ಟಿ ಮಾಡದಿದ್ರೆ ನಿಲ್ಲುತ್ತಾ?" ಅಂದರು. ನಿಜ. ನಾಲ್ಕು ಇಂಚು ಅಗಲ, ನಾಲ್ಕು ಇಂಚು ಆಳದ ಕಾಲುವೆ ತೆಗೆದು ಬಟ್ಟೆಯ ಅಂಚನ್ನು ಹೂಳಬೇಕು ಅಂತ ರಾಜ್ಯದ ಕೈಪಿಡಿಯಲ್ಲೇ ಇದೆ. ನಮ್ಮ ಕೆಲಸದವರು ಸುಮ್ನೆ ನೆಲದ ಮೇಲೆ ಬಿಟ್ಟಿದ್ದರು.

ಇನ್ಸ್‌ಪೆಕ್ಟರ್ ನೋಟಿಸ್ ಕೊಟ್ಟರು. ಗಡುವಿನೊಳಗೆ ಸರಿ ಮಾಡದಿದ್ದರೆ ಕೌಂಟಿ ಬಾಂಡಿಗೆ ಕೈ ಹಾಕುತ್ತಿತ್ತು. ಎರಡು ದಿನ ರಜೆ ಹಾಕಿ, ಅಪ್ಪ ಹೇಳಿಕೊಟ್ಟಂತೆ ನಾವೇ ಕಾಲುವೆ ತೋಡಿ ಬೇಲಿ ನಿಲ್ಲಿಸಿದೆವು. ಈ ಕಾನೂನಿನ ಬಗ್ಗೆ ನನಗೆ ಸಿಟ್ಟಿಲ್ಲ. ನಮ್ಮ ಹಳ್ಳದ ನೀರು ಪೊಟೊಮ್ಯಾಕ್ ನದಿಗೆ, ಅಲ್ಲಿಂದ ಚೆಸಪೀಕ್ ಕೊಲ್ಲಿಗೆ ಹೋಗುತ್ತದೆ. ಕೆಸರು ಕವಿದರೆ ನೀರಡಿಯ ಹುಲ್ಲಿಗೆ ಬೆಳಕಿಲ್ಲ. ಆ ಹುಲ್ಲಿಲ್ಲದಿದ್ದರೆ ಮರಿ ಏಡಿಗಳಿಗೆ ಅಡಗಲು ಜಾಗ ಕಡಿಮೆ.

ಖರ್ಚು ಜಾಸ್ತಿ ಆಗಿದ್ದು ಹುಲ್ಲಿನಿಂದ. ಮನೆ ಮುಗಿದರೆ ಬಾಂಡ್ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ, ಅಂಗಳದಲ್ಲಿ ಹುಲ್ಲು ದಟ್ಟವಾಗಿ ಬೇರು ಬಿಡಬೇಕು. ಇಲ್ಲಿ ಫೆಸ್ಕ್ಯೂ ಅನ್ನುವ ಅಂಗಳದ ಹುಲ್ಲಿನ ಬೀಜ ಬಿತ್ತಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆ ಸಮಯ. ನಾವು ಬಿತ್ತಿದ್ದು ನವೆಂಬರ್‌ನಲ್ಲಿ. ಮೊಳಕೆ ಅಲ್ಲೊಂದು ಇಲ್ಲೊಂದು. ಚಳಿಗಾಲ ಕಳೆದು ವಸಂತದಲ್ಲಿ ಮತ್ತೆ ಬಿತ್ತುವಷ್ಟರಲ್ಲಿ ವರ್ಷ ತುಂಬಿತು, ಇನ್ನೊಂದು 450 ಡಾಲರ್ ಹೋಯಿತು. ಜೂನ್‌ನಲ್ಲಿ ಇನ್ಸ್‌ಪೆಕ್ಟರ್ ಒಪ್ಪಿದರು. ಉಳಿದ ತಿಂಗಳುಗಳ ದುಡ್ಡು ವಾಪಸ್ ಬರಲಿಲ್ಲ. ಅದು ಒಪ್ಪಂದದಲ್ಲೇ ಇತ್ತು.

ಮಣ್ಣು ಭದ್ರವಾದ 60 ದಿನದೊಳಗೆ ಕೌಂಟಿ ಬಾಂಡ್ ಬಿಡಬೇಕು ಅನ್ನುವುದು ಕಾನೂನು. ನಮಗೆ ಅಷ್ಟರೊಳಗೇ ಪತ್ರ ಬಂತು. ಎಡವಿದ್ದು ಏಜೆಂಟ್. ಪತ್ರ ಕಳಿಸಿದರೂ ಮೂರನೇ ವರ್ಷದ ಬಿಲ್ ಬಂತು. ಮೂರು ಸಲ ಫೋನ್ ಮಾಡಿ, ಪತ್ರ ಮತ್ತೆ ಕಳಿಸಿದ ಮೇಲೆ ರದ್ದಾಯಿತು.

ಒಟ್ಟಾರೆ ಈ ಬಾಂಡಿಗೆ ಐದಕ್ಕೆ ಮೂರು ಮಾರ್ಕ್ಸ್ ಕೊಡ್ತೀನಿ. ಕೈಯಲ್ಲಿ ನಗದು ಬಿಗಿ ಇದ್ದರೆ ಬಾಂಡೇ ತಗೊಳ್ಳಿ. 18,000 ಸುಮ್ಮನೆ ಕೂತಿದ್ದು, ಮನೆ ಕೆಲಸ ಎರಡು ವರ್ಷ ಎಳೆಯುವ ಹಾಗಿದ್ದರೆ ಠೇವಣಿ ಕಟ್ಟಿ. ಎರಡರಲ್ಲಿ ಯಾವುದೇ ಆಗಲಿ, ಬೀಜದ ಮೂಟೆ ಮಾತ್ರ ಆಗಸ್ಟ್‌ನಲ್ಲೇ ತಂದಿಡಿ.